ಏಳನೇ ಕಡ್ಡಿಯ ತೇವ

ದೆವ್ವ ಗಿವ್ವ ಎಂದವರನ್ನು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದವಳು ನಾನು. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಸೆನ್ಸರ್ ತಯಾರಿಸುತ್ತಿದ್ದ ನನಗೆ ಮೀಟರ್ ತೋರಿಸಿದ್ದೇ ಸತ್ಯ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟವೇನೂ ನನಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆನೇಕಲ್ ಕಡೆಯ ಒಂದು ಕೆರೆಯಂಚಿನಲ್ಲಿ ಹಾಳಾದ ಕಾಡನ್ನು ಮತ್ತೆ ಬೆಳೆಸುತ್ತಿದ್ದರು. ಸಸಿಗಳ ಪಕ್ಕದಲ್ಲಿ ನಾವು ಮೊಳದುದ್ದದ ಹನ್ನೆರಡು ಸೆನ್ಸರ್ ಕಡ್ಡಿಗಳನ್ನು ನೆಟ್ಟಿದ್ದೆವು. ಮಣ್ಣಿನಲ್ಲಿ ತೇವ ಎಷ್ಟಿದೆಯೆಂದು ಅವು ನನ್ನ ಫೋನಿಗೆ ತಿಳಿಸುತ್ತಿದ್ದವು. ಸಸಿಗಳಿಗೆ ನೀರು ಹಾಕಲು ಅದೇ ಊರಿನ ಪಿಳ್ಳಮ್ಮ ಎಂಬ ಅಜ್ಜಿ ಇದ್ದಳು.

ಏಳನೇ ಕಡ್ಡಿಯ ಪಕ್ಕದ ಹೊಂಗೆ ಸಸಿ ಸತ್ತ ಮೇಲೆ ಅಲ್ಲಿಗೆ ನೀರೇ ಬೇಕಿರಲಿಲ್ಲ. ಆದರೂ ಅದು ದಿನಾ ಬೆಳಿಗ್ಗೆ ಆರಕ್ಕೆ ಕೆಸರಿನಷ್ಟು ತೇವ ತೋರಿಸತೊಡಗಿತು. ಹೋಗಿ ನೋಡಿದರೆ ಅಜ್ಜಿ ಕಡ್ಡಿಯ ಬುಡಕ್ಕೇ ಬಿಂದಿಗೆ ಬಗ್ಗಿಸುತ್ತಿದ್ದಾಳೆ.

"ಇದು ಗಿಡ ಅಲ್ಲ ಅಜ್ಜಿ, ಮಿಷಿನ್ನು. ಇದಕ್ಯಾಕೆ ನೀರು?" ಎಂದು ರೇಗಿದೆ.

"ಜೊತ್ಗಿದ್ದಿದ್ದು ಸತ್ತೋಯ್ತು ತಾಯಿ, ಇದೊಂದೇ ಐತೆ. ನೆಟ್ಮ್ಯಾಲೆ ನೀರಾಕ್ದೆ ಇರಕಾಯ್ತದಾ?" ಎಂದಳು.

ಬುದ್ಧಿ ಇದ್ದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ನನಗೆ. ಈ ಅಜ್ಜಿಯನ್ನು ಬದಲಿಸಿ ಎಂದು ಕಾಡು ಬೆಳೆಸುವವರ ಆಫೀಸಿಗೆ ಬರೆದುಬಿಟ್ಟೆ. ಬದಲಿಸಿದರು. ಆಮೇಲೂ ಅವಳು ದಿನಾ ಬಿಂದಿಗೆ ಹಿಡಿದು ಬೇಲಿಯಾಚೆ ಬಂದು ನಿಲ್ಲುತ್ತಿದ್ದಳಂತೆ. ಬೇಸಿಗೆ ಬರುವಷ್ಟರಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಅವಳ ತಿಥಿ ಮುಗಿದ ವಾರಕ್ಕೆ ಏಳನೆಯದು ಮತ್ತೆ ಆರು ಗಂಟೆಗೆ ತೇವ ತೋರಿಸಿತು. ಕಡ್ಡಿ ಬದಲಿಸಿದೆ. ಹೊಸದೂ ಹಾಗೇ. ಕೊನೆಗೆ ಒಂದು ದಿನ ಲಗ್ಗೆರೆಯ ಮನೆಯಿಂದ ಬೇಗ ಹೊರಟು ಆರಕ್ಕೆ ಮುಂಚೆಯೇ ಅಲ್ಲಿ ಹೋಗಿ ನಿಂತೆ. ಸುತ್ತ ಯಾರೂ ಇರಲಿಲ್ಲ. ಆರಾಯಿತು. ಫೋನಿನಲ್ಲಿ ತೇವ ಸರಸರನೆ ಏರಿತು. ಬಗ್ಗಿ ಕಡ್ಡಿಯ ಬುಡಕ್ಕೆ ಬೆರಳು ತೂರಿಸಿದರೆ ಬರೀ ಧೂಳು.

ತಪ್ಪಾಯಿತು ಅಜ್ಜಿ ಎಂದು ಬಾಯಿಬಿಟ್ಟೇ ಹೇಳಿದೆ. ಅಳು ತಡೆಯಲಾಗಲಿಲ್ಲ. ಬ್ಯಾಗಿನಲ್ಲಿದ್ದ ಬಾಟಲಿಯ ನೀರನ್ನೆಲ್ಲ ಅಲ್ಲಿ ಸುರಿದೆ. ಮಣ್ಣು ಒದ್ದೆಯಾಗಿ ಚಪ್ಪಲಿಗೆ ಮೆತ್ತಿಕೊಂಡಿತು. ಫೋನು ನೋಡಿದೆ. ತೇವ ಇಳಿದು ಸೊನ್ನೆಗೆ ಬಂದಿತ್ತು.

ಆ ಕಡ್ಡಿಯನ್ನು ಕಿತ್ತು ಪೀಣ್ಯಕ್ಕೆ ತಂದು ಬಿಚ್ಚಿ ನೋಡಿದೆ, ಯಾವ ದೋಷವೂ ಸಿಗಲಿಲ್ಲ. ಜೊತೆಯವರು ಕುಂಡದ ಮಣ್ಣಿಗೆ ಚುಚ್ಚಿ ನೀರು ಹಾಕಿದರೆ ಸರಿಯಾಗಿಯೇ ತೋರಿಸಿತು. ಈಗಲೂ ಅದು ನನ್ನ ಮೇಜಿನ ಡ್ರಾದಲ್ಲಿದೆ. ನಾನೇ ಒಂದು ಲೋಟ ನೀರು ಹಾಕಿ ನೋಡಬಹುದು. ನನ್ನ ನೀರಿಗೆ ಮತ್ತೆ ಸೊನ್ನೆಯನ್ನೇ ತೋರಿಸಿದರೆ? ಇಷ್ಟು ವರ್ಷವಾದರೂ ಧೈರ್ಯ ಬಂದಿಲ್ಲ.