ಎಡಗಡೆಯ ಹತ್ತಿ

ಭಾರಿ ಜ್ವರದಿಂದ ನನ್ನ ತಂಗಿ ಉಳಿದಳು, ಅವಳ ಎಡ ಮೊಲೆ ಉಳಿಯಲಿಲ್ಲ. ನಂಜು ರಕ್ತಕ್ಕೇರಿ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಭಾಗ ಕಪ್ಪಾಗಿ ಸತ್ತುಹೋಗಿತ್ತು. ವೈದ್ಯರು ತೆಗೆದುಹಾಕಿದರು. ಮನೆಗೆ ಬಂದವಳು ತಿಂಗಳುಗಟ್ಟಲೆ ಹೊಸ್ತಿಲು ದಾಟಲಿಲ್ಲ.

ಒಳಗೆ ಹತ್ತಿ ಇಟ್ಟ ಕುಪ್ಪಸ ಹೊಲಿಸಲು, ಅಳತೆಗೆ ಅವಳ ಹಳೆಯ ಕುಪ್ಪಸ ಹಿಡಿದು, ಕೊಟ್ಟೂರಿನ ದರ್ಜಿಯೊಬ್ಬರ ಬಳಿ ಹೋದೆ.

“ಗಂಟಾಗಿತ್ತೇನ್ರಿ ಟೀಚರಮ್ಮ?”

“ಇಲ್ಲ, ಜ್ವರ ಬಂದಿತ್ತು.”

“ಜ್ವರ ಎದಿ ತಿಂತೈತೇನ್ರಿ?” ಅವರ ಕತ್ತರಿ ನಿಂತಿತು.

“ಕಾಲುವಿ ಕಟ್ಕೊಂಡ್ರ ಹೊಲ ಒಣಗತೈತಲ್ರಿ, ಹಂಗ.”

ಅವರು ಹಳೆಯ ಕುಪ್ಪಸವನ್ನು ಮೇಜಿನ ಮೇಲೆ ಹರಡಿ, “ಹತ್ತಿ ಯಾವ ಕಡಿಗಿಡ್ಲಿ?” ಎಂದರು. ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಎದೆಯ ಒಂದು ಬದಿಗೆ ಕೈ ತೋರಿಸಿದೆ.

ತಂಗಿ ತೊಟ್ಟು ನೋಡಿದರೆ ಹತ್ತಿ ಬಲಗಡೆ ಇತ್ತು. “ಅಕ್ಕಾ, ಇದ್ದದ್ದನ್ನ ಇನ್ನಷ್ಟು ದಪ್ಪ ಮಾಡ್ಯಾನಲ್ಲ!” ಎಂದು ನಕ್ಕಳು. ಜ್ವರ ಬಿಟ್ಟ ಮೇಲೆ ಅದೇ ಮೊದಲ ನಗು.

ತಪ್ಪು ದರ್ಜಿಯದಲ್ಲ. ಕವಾಯತಿನಲ್ಲಿ ಮಕ್ಕಳಿಗೆ ಎದುರಾಗಿ ನಿಂತು ‘ಎಡ’ ಎನ್ನುವಾಗ, ಅವರ ಎಡಕ್ಕೆ ಹೊಂದಲೆಂದು ನಾನು ನನ್ನ ಬಲಗೈಯನ್ನು ಎತ್ತುತ್ತೇನೆ. ಅಂಗಡಿಯಲ್ಲೂ ದರ್ಜಿಗೆ ಎದುರಾಗಿ ನಿಂತು, ಎಡವೆಂದು ನನ್ನ ಬಲ ಬದಿಯನ್ನೇ ತೋರಿಸಿದ್ದೆ.

“ನಿನ್ನ ಕಳಿಸಿದ್ರ ಆಗಲ್ಲ, ನಾನ ಬರ್ತೀನಿ,” ಎಂದು ತಂಗಿ ಚಪ್ಪಲಿ ಮೆಟ್ಟಿದಳು.

ಅದಾಗಿ ಎಷ್ಟೋ ವರ್ಷಗಳಾದವು; ಈಗ ಅವಳಿಲ್ಲ. ಎಡ ಎನ್ನುವಾಗ ನಾನು ಇಂದಿಗೂ ಬಲಗೈಯನ್ನೇ ಎತ್ತುತ್ತೇನೆ. ಮಕ್ಕಳಂತೂ ಸರಿಯಾಗಿಯೇ ತಿರುಗುತ್ತಾರೆ.