ಕೆಳಗಿನ ಮಷೀನು ನಿಂತಾಗ

ನಮ್ಮ ದೊಡ್ಡಪ್ಪ ಕೂದಲು ನರೆಯುವವರೆಗೂ ಸರ್ಕಾರದ ಕಣ್ಣಿಗೆ ಚುಚ್ಚುವಂಥ ಪುಸ್ತಕಗಳನ್ನೇ ಅಚ್ಚು ಹಾಕಿಸಿದರು. ಪ್ರಕಾಶನ ಅಂದರೆ ಮಹಡಿ ಮೇಲಿನ ಒಂದೇ ಕೋಣೆ. ಒಳಗೆ ಅವರು ಮತ್ತು ಪುಸ್ತಕ ಹೊಲಿಯುವ ದೊಡ್ಡಮ್ಮ. ಬರೆಯುವವರು ಬಂದರೆ ದೊಡ್ಡಪ್ಪ ಮೇಲಿನಿಂದಲೇ ಕೂಗುತ್ತಿದ್ದರು: "ಮೂರನೇ ಮೆಟ್ಟಿಲು ಸಡಿಲ, ಜೋಪಾನ!" ಅದನ್ನು ರಿಪೇರಿ ಮಾಡಿಸಲು ಏನು ಧಾಡಿಯೋ! ಪುಸ್ತಕ ಬಿಟ್ಟು ಮಿಕ್ಕಿದ್ದಕ್ಕೆಲ್ಲ ನಾಳೆ.

ಕರಡು ತಿದ್ದುವಾಗ ಅವರಿಗೊಂದು ಹುಚ್ಚು. ಕಿಟಕಿ ತೆರೆದಿಟ್ಟು ಗಟ್ಟಿಯಾಗಿ ಓದುವರು. ಕೆಳಗಿನ ಅಂಗಡಿಯ ದರ್ಜಿ ಕೇಳುತ್ತ ಕೇಳುತ್ತ ಹೊಲಿಗೆ ಮಷೀನು ನಿಲ್ಲಿಸಿದರೆ ಆ ಪುಟ ಗೆದ್ದಿತು. ಕಟಕಟ ನಿಲ್ಲದಿದ್ದರೆ, ಬರೆದವನು ಎಷ್ಟೇ ದೊಡ್ಡವನಾಗಲಿ, ಪುಟಕ್ಕೆ ಕತ್ತರಿ.

"ಅವನಿಗಿರೋ ಕಿವಿ ಯಾವ ಪಂಡಿತನಿಗೂ ಇಲ್ಲ" ಅನ್ನುತ್ತಿದ್ದರು.

ಈ ವರ್ಷ ಮುದ್ರಣದವರು ಒಬ್ಬೊಬ್ಬರಾಗಿ ಕೈ ಎತ್ತಿದರು. ಪುಸ್ತಕದಂಗಡಿಯವರು ಬೀದಿಯಲ್ಲಿ ಎದುರಾದರೂ ಮುಖ ತಿರುಗಿಸಿದರು. ದೊಡ್ಡಮ್ಮ ರೇಗಿದರು: "ಇನ್ನಾದ್ರೂ ಕಿಟಕಿ ಮುಚ್ಕೊಂಡು ಓದ್ರೀ. ಗೋಡೆಗೂ ಕಿವಿ ಇರೋ ಕಾಲ."

"ಕಿವಿಗೆ ಬೀಳ್ಲಿ ಅಂತಾನೇ ಅಲ್ವೇನೇ ಓದೋದು?"

ನಿನ್ನೆ ಮಧ್ಯಾಹ್ನ ಹೊಸ ಪುಸ್ತಕದ ಕರಡು ಬಿಡಿಸಿ ದೊಡ್ಡಪ್ಪ ಕನ್ನಡಕ ಏರಿಸಿದರು. ನಾನು ಪಕ್ಕದಲ್ಲೇ ಹಾಳೆ ಮಡಚುತ್ತಿದ್ದೆ. ಅವರು ಬಾಯಿ ತೆರೆಯುವ ಮೊದಲೇ ಕೆಳಗೆ ಮಷೀನು ನಿಂತಿತು.

"ನೋಡೇ, ಕಾಯ್ಕೊಂಡು ಕೂತಿದಾನೆ!" ಎಂದು ನಕ್ಕರು.

ದೊಡ್ಡಮ್ಮ ನಗಲಿಲ್ಲ. ಅವರ ಸೂಜಿ ಹಾಳೆಯಲ್ಲಿ ಅರ್ಧಕ್ಕೇ ನಿಂತಿತ್ತು.

ಮೆಟ್ಟಿಲ ಬುಡದಲ್ಲಿ ಬೂಟುಗಳ ಸದ್ದು, ಒಂದೆರಡಲ್ಲ. ಅವುಗಳ ಮುಂದೆ ದರ್ಜಿಯ ವಿನಯದ ದನಿ:

"ಹೀಗೆ ಬನ್ನಿ ಸಾರ್. ಮೂರನೇ ಮೆಟ್ಟಿಲು ಸಡಿಲ, ಜೋಪಾನ."