ಬಿಡುಗಡೆಯಾದ ಅಣ್ಣನನ್ನು ಹುಡುಕಿದ್ದು

ನನ್ನ ಅಣ್ಣ ಜೈಲಿನಿಂದ ಹೊರಗೆ ಬಂದಿದ್ದಾನೆ ಎಂದು ನನಗೆ ಹೇಳಿದವರು ಜೈಲಿನ ಭೇಟಿ ಕಿಟಕಿಯ ಹಿಂದೆ ಕೂತಿದ್ದ ಒಬ್ಬ ಸಿಬ್ಬಂದಿ. ಎಂದಿನಂತೆ ಅವನನ್ನು ನೋಡಲು ಹೋಗಿದ್ದೆ. ವಿಜಯನಗರದಿಂದ ಊರಿನ ಆ ತುದಿಗೆ ಬಸ್ಸು ಬದಲಾಯಿಸಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಚೀಲದಲ್ಲಿ ಏಲಕ್ಕಿ ಬಾಳೆಹಣ್ಣು, ಹೊಸ ಬನಿಯನ್ನುಗಳಿದ್ದವು. ಹಿಂದಿನ ತಿಂಗಳು ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆದಿದ್ದರಿಂದ ಹೋಗಲು ಆಗಿರಲಿಲ್ಲ.

ಕಿಟಕಿಯವರು ಕಂಪ್ಯೂಟರ್ ನೋಡಿ, "ಇವ್ರಿಲ್ಲ ಮೇಡಂ, ರಿಲೀಸ್ ಆಗೋಗಿದಾರೆ" ಅಂದರು.

"ಯಾವಾಗ?"

"ಹೋದ ತಿಂಗಳೇ. ಸನ್ನಡತೆ ಮೇಲೆ ಮುಂಚೇನೇ ಬಿಟ್ಟಿದಾರೆ."

"ಎಲ್ಲಿಗೆ ಹೋದ?"

ಅವರು ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದರು. "ಎಲ್ಲಿಗೆ ಹೋಗ್ತಾರೆ? ಮನೆಗೆ ಹೋಗಿರ್ತಾರೆ ಬಿಡಿ."

ಹಿಂದೆ ನಿಂತವರು ತಳ್ಳುತ್ತಿದ್ದರು. ನಾನು ಪಕ್ಕಕ್ಕೆ ಸರಿದೆ. ಮನೆ ಎಂದರೆ ಅವನಿಗೆ ನಮ್ಮ ಮನೆಯೇ. ಬೇರೆ ಯಾವುದೂ ಇರಲಿಲ್ಲ.

ಅಣ್ಣ ರಾಜಾಜಿನಗರದ ಕೈಗಾರಿಕಾ ಶೆಡ್ಡುಗಳ ನಡುವಿನ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮೆಷಿನ್ ನಡೆಸುತ್ತಿದ್ದ. ಮದುವೆಯಾಗಿರಲಿಲ್ಲ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಅಪ್ಪ ಹೋದಮೇಲೆ ನನ್ನನ್ನು ಓದಿಸಿ ಲ್ಯಾಬ್ ಟೆಕ್ನಿಷಿಯನ್ ಮಾಡಿದವನು. ಪಕ್ಕದ ಶೆಡ್ಡಿನವನಿಗೂ ಇವನಿಗೂ ಕರೆಂಟಿನ ಲೈನಿನ ವಿಷಯಕ್ಕೆ ಬಹಳ ದಿನಗಳಿಂದ ಜಗಳವಿತ್ತು. ಒಂದು ಮಧ್ಯಾಹ್ನ ಮಾತಿಗೆ ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಅಣ್ಣ ಅವನನ್ನು ನೂಕಿದ. ಆತ ಹಿಂದಕ್ಕೆ ಬಿದ್ದವನು ಮೆಷಿನ್ನಿನ ಕಬ್ಬಿಣದ ಅಂಚಿಗೆ ತಲೆ ಹೊಡೆದುಕೊಂಡು ಆಸ್ಪತ್ರೆ ಸೇರುವ ಮೊದಲೇ ಸತ್ತುಹೋದ. ಆತನಿಗೂ ಹೆಂಡತಿ, ಸಣ್ಣ ಮಗು ಇದ್ದರು. ಕೋರ್ಟಿನ ಕಟಕಟೆಯಲ್ಲಿ ಅಣ್ಣ, "ನೂಕಿದ್ದು ನಿಜ ಸ್ವಾಮಿ" ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಕೊಲೆಯಲ್ಲದ ಮಾನವ ಹತ್ಯೆ ಎಂದು ತೀರ್ಪಾಯಿತು. ಅವನು ಒಳಗಿದ್ದಾಗಲೇ ಅಮ್ಮ ನಮ್ಮ ಮನೆಯಲ್ಲಿ ತೀರಿಕೊಂಡಳು. ಅಣ್ಣ ಪೊಲೀಸರ ಜೊತೆ ಬಂದು ಚಿತೆಗೆ ಬೆಂಕಿ ಇಟ್ಟು ಹಾಗೇ ವ್ಯಾನು ಹತ್ತಿ ಹೋಗಿದ್ದ.

ಜೈಲಿನಿಂದ ಬರಿಗೈಯಲ್ಲಿ ಬಂದ ಆ ಸಂಜೆ ಮಗಳು ಲ್ಯಾಪ್‌ಟಾಪ್ ತೆರೆದು ಕೂತಳು. "ಅಮ್ಮಾ, ಎಲ್ಲಾ ಆನ್‌ಲೈನ್ ಇರುತ್ತೆ, ನೋಡೋಣ ತಾಳು" ಅಂದಳು. ತನ್ನ ಸೋದರಮಾವನ ಹೆಸರು ಹಾಕಿದ ಕೂಡಲೇ ಕೋರ್ಟಿನ ತೀರ್ಪು ಬಂತು. ಅವನ ಹೆಸರು, ನಮ್ಮ ಅಪ್ಪನ ಹೆಸರು, ಆಗಿನ ಬಾಡಿಗೆ ಮನೆಯ ನಂಬರು, ಅಡ್ಡರಸ್ತೆ, ವಯಸ್ಸು, ಉದ್ಯೋಗ, ಸತ್ತವನ ತಲೆಯ ಗಾಯ ಎಷ್ಟು ಉದ್ದ ಎಷ್ಟು ಆಳ ಎಂಬುದು, ಎಲ್ಲವೂ ಅಲ್ಲಿತ್ತು. ಅದರ ಕೆಳಗೆ ಹಳೆಯ ಪತ್ರಿಕೆಯ ಸುದ್ದಿ, ಅವನ ಫೋಟೋ ಸಮೇತ. ಮಗಳು ಪುಟದ ಮೇಲೆ ಪುಟ ತಿರುಗಿಸಿದಳು. ಅವನು ಒಳಗೆ ಹೋದದ್ದನ್ನು ಜಗತ್ತಿನ ಯಾವ ಮೂಲೆಯಲ್ಲಿ ಕೂತವರೂ ಓದಬಹುದಾಗಿತ್ತು. ಅವನು ಹೊರಗೆ ಬಂದದ್ದು ಎಲ್ಲೂ ಇರಲಿಲ್ಲ.

"ಬಿಟ್ಟಿದ್ದನ್ನ ಯಾಕೆ ಹಾಕಿಲ್ಲ ಇವ್ರು?" ಎಂದು ಮಗಳು ಕೇಳಿದಳು. ಅವಳು ಇನ್ನೂ ಸ್ವಲ್ಪ ಹೊತ್ತು ಹುಡುಕಿ, ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದಳು. ಹುಡುಗನ ಮನೆಯವರೂ ಹೀಗೇ ಹೆಸರು ಹಾಕಿ ನೋಡಬಹುದು ಎಂಬ ಯೋಚನೆ ಆಗ ಇಬ್ಬರಿಗೂ ಬಂದಿರಬೇಕು.

ನಮ್ಮ ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆ ಬರುತ್ತಿದ್ದ ವಕೀಲರೊಬ್ಬರನ್ನು ಕೇಳಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂದರು, ತಾವೇ ಬರೆದೂ ಕೊಟ್ಟರು. ಬಿಡುಗಡೆಯಾದ ದಿನ ಯಾವುದು, ಹೋಗುವಾಗ ಯಾವ ವಿಳಾಸ ಕೊಟ್ಟಿದ್ದಾನೆ, ಇವೆರಡನ್ನೇ ಕೇಳಿದ್ದೆವು. ಬಹಳ ಕಾಯಿಸಿ ಉತ್ತರ ಬಂತು. ಬಿಡುಗಡೆಯ ದಿನಾಂಕ ಕೊಟ್ಟಿದ್ದರು. ವಿಳಾಸವು ಮೂರನೇ ವ್ಯಕ್ತಿಯ ಖಾಸಗಿ ಮಾಹಿತಿಯಾದ್ದರಿಂದ ಕೊಡಲು ಬರುವುದಿಲ್ಲ ಎಂದಿತ್ತು.

ಜೈಲಿನ ಕಚೇರಿಗೇ ಹೋಗಿ, ನಾನು ಒಡಹುಟ್ಟಿದ ತಂಗಿ ಎಂದೆ.

"ಅದಕ್ಕೇನಾದ್ರೂ ಪ್ರೂಫ್ ಇದೆಯಾ ಮೇಡಂ?" ಎಂದು ಅಲ್ಲಿನವರು ಕೇಳಿದರು. ದನಿಯಲ್ಲಿ ಒರಟುತನವಿರಲಿಲ್ಲ.

ನನ್ನ ಎಲ್ಲ ಕಾರ್ಡುಗಳಲ್ಲೂ ಗಂಡನ ಹೆಸರಿದೆ. ನಾವಿಬ್ಬರೂ ಒಂದೇ ಮನೆಯವರು ಎಂದು ಹೇಳುವ ಹಳೆಯ ರೇಷನ್ ಕಾರ್ಡು ಅಮ್ಮನ ಕಾಲದಲ್ಲೇ ಹರಿದುಹೋಗಿತ್ತು. ನಮ್ಮ ಲ್ಯಾಬಿನಲ್ಲೂ ಅದೇ ನಿಯಮ. ರಿಪೋರ್ಟನ್ನು ರೋಗಿಯ ಕೈಗೆ ಮಾತ್ರ ಕೊಡುತ್ತೇವೆ, ಹೊರಗೆ ಅಳುತ್ತಾ ನಿಂತ ಅಕ್ಕತಂಗಿಯರನ್ನು ನಾನೇ ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ನೆಮ್ಮದಿಯೂ ನನಗೆ ಸಿಗಲಿಲ್ಲ.

ಕಾಗದದಲ್ಲಿ ಆಗದ್ದನ್ನು ಕಾಲಲ್ಲಿ ಮಾಡೋಣ ಎಂದು ಒಂದು ಭಾನುವಾರ ರಾಜಾಜಿನಗರದ ಅವನ ಹಳೆಯ ಪ್ರೆಸ್ಸಿನ ಕಡೆ ಹೋದೆ. ಪ್ರೆಸ್ ಇದ್ದ ಜಾಗದಲ್ಲಿ ಈಗ ಯಾವುದೋ ಡೆಲಿವರಿ ಕಂಪನಿಯ ಗೋದಾಮು. ಹುಡುಗರು ಬೈಕುಗಳ ಮೇಲೆ ಡಬ್ಬಗಳನ್ನು ಏರಿಸುತ್ತಿದ್ದರು. ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮುದುಕರು ಮೊದಲು ಅದೇ ಪ್ರೆಸ್ಸಿನಲ್ಲಿ ಪೇಪರ್ ಕತ್ತರಿಸುತ್ತಿದ್ದವರು. ನನ್ನ ಗುರುತು ಹಿಡಿದರು.

"ಬಂದಿದ್ದ ಕಣಮ್ಮ. ಕೆಲಸ ಇದ್ಯಾ ಅಂತ ಕೇಳ್ದ. ನಂದೇ ಎರಡು ಮೆಷಿನ್, ಏನ್ ಕೊಡ್ಲಿ? ಹೆಗ್ಗನಹಳ್ಳೀಲಿ, ವಾಟರ್ ಟ್ಯಾಂಕ್ ಹತ್ರ ರೂಮ್ ಮಾಡ್ಕೊಂಡಿದೀನಿ ಅಂದ" ಎಂದರು. ಆಮೇಲೆ, "ತುಂಬಾ ಇಳಿದುಹೋಗಿದಾನಮ್ಮ" ಎಂದರು.

ಅವನು ಬದುಕಿದ್ದಾನೆ, ನಡೆದಾಡುತ್ತಿದ್ದಾನೆ, ನನ್ನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದಾನೆ. ಅಲ್ಲಿಂದ ನೇರ ಹೆಗ್ಗನಹಳ್ಳಿಗೆ ಹೋದೆ. ಟ್ಯಾಂಕಿನ ಸುತ್ತಲಿನ ಗಲ್ಲಿಗಳಲ್ಲಿ ಒಂದರ ಮೇಲೊಂದು ಕಟ್ಟಿದ ಸಿಂಗಲ್ ರೂಮುಗಳು. ರಾಯಚೂರು, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದವರೇ ಹೆಚ್ಚು. ಮೊಬೈಲಿನಲ್ಲಿದ್ದ ಹಳೆಯ ಫೋಟೋ ತೋರಿಸುತ್ತಾ ಹೋದೆ. ಮೂರನೆಯ ಗಲ್ಲಿಯಲ್ಲಿ ಒಬ್ಬ ಮನೆ ಮಾಲೀಕರ ಹೆಂಡತಿ ಫೋಟೋ ನೋಡಿ ಮೊಬೈಲು ವಾಪಸ್ ಕೊಟ್ಟರು.

"ನೀವೇನಾಗ್ಬೇಕು ಅವ್ರಿಗೆ?"

"ತಂಗಿ."

ಒಳಗೆ ಕರೆದು ಕುಡಿಯಲು ನೀರು ಕೊಟ್ಟರು. "ಒಳ್ಳೇ ಮನುಷ್ಯ ಆಂಟಿ. ತಮ್ಮ ಪಾಡಿಗೆ ತಾವಿರ್ತಿದ್ರು. ನಮ್ಮತ್ತೆಗೆ ಕಾಲು ಉಳುಕಿದಾಗ ಅವ್ರೇ ಎತ್ಕೊಂಡು ಆಟೋಗೆ ಹತ್ತಿಸಿದ್ರು. ಆದ್ರೆ ಅಗ್ರಿಮೆಂಟ್‌ಗೆ ಆಧಾರ್ ಕೊಟ್ಟಿದ್ರಲ್ಲ, ನಮ್ಮೆಜಮಾನ್ರು ಹಂಗೇ ಹೆಸ್ರು ಹಾಕಿ ನೋಡಿದಾರೆ. ಎಲ್ಲಾ ಬಂದ್ಬಿಡ್ತು. ನಮ್ಮನೇಲಿ ಹೆಣ್ಣುಮಕ್ಕಳಿದಾರೆ ಆಂಟಿ, ನೀವೇ ಹೇಳಿ."

ನನ್ನ ಮನೆಯಲ್ಲೂ ಮದುವೆಗೆ ಬಂದ ಮಗಳಿದ್ದಾಳೆ. ಅವನು ಹೋಗುವಾಗ ಏನಾದರೂ ಅಂದನೇ ಎಂದು ಕೇಳಿದೆ.

"ಏನೂ ಅನ್ಲಿಲ್ಲ. ರೂಮ್ ಗುಡಿಸಿ, ಒರೆಸಿ, ಬೀಗದ ಕೈ ಕೊಟ್ಟು ಹೋದ್ರು."

ಅಲ್ಲಿಂದಾಚೆಗೆ ಯಾವ ಜಾಡೂ ಇರಲಿಲ್ಲ. ಮಾಗಡಿ ರಸ್ತೆಯುದ್ದಕ್ಕೂ ಸುಂಕದಕಟ್ಟೆ, ಬ್ಯಾಡರಹಳ್ಳಿಯವರೆಗೆ ಪ್ರೆಸ್ಸು, ಬೈಂಡಿಂಗ್ ಅಂಗಡಿಗಳನ್ನು ಕೇಳಿಕೊಂಡು ಬಂದೆ. ರಜೆಯ ದಿನಗಳೆಲ್ಲ ಹಾಗೇ ಕಳೆದವು. ಕೊನೆಗೆ ನನ್ನ ಗಂಡನೇ, "ಸ್ಟೇಷನ್ನಲ್ಲಿ ಒಂದ್ಸಲ ಕೇಳೋಣ, ಇಂಥವ್ರ ಬಗ್ಗೆ ಅವ್ರಿಗೆ ಗೊತ್ತಿರುತ್ತೆ" ಎಂದರು. ಅವರು ಅಣ್ಣನ ಬಗ್ಗೆ ಒಂದು ದಿನವೂ ಕೆಟ್ಟ ಮಾತಾಡಿದವರಲ್ಲ. ಇಬ್ಬರೂ ಒಂದು ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ವಯಸ್ಸಾದವರು. ಕೂರಿಸಿ, ಪೂರ್ತಿ ಕೇಳಿಸಿಕೊಂಡರು.

"ಮಿಸ್ಸಿಂಗ್ ಕಂಪ್ಲೇಂಟ್ ಬೇಡಮ್ಮ, ಸುಮ್ನೆ ಅದೊಂದು ಕೇಸಾಗುತ್ತೆ. ಬಿಟ್ಟೋರ ಮೇಲೆ ನಮ್ಮ ಕಡೆಯಿಂದ ಒಂದು ಕಣ್ಣಿರುತ್ತೆ. ನಾನು ವಿಚಾರಿಸ್ತೀನಿ" ಎಂದರು.

ಒಂದು ವಾರದೊಳಗೆ ಫೋನು ಬಂತು. ಕೆಂಗೇರಿಯ ಹತ್ತಿರ ನೋಟ್‌ಬುಕ್ ಬೈಂಡಿಂಗ್ ಮಾಡುವ ಒಂದು ಕಡೆ ಇದ್ದಾನೆ, ಅಲ್ಲೇ ಮಲಗುತ್ತಾನೆ. "ನಮ್ಮ ಹುಡುಗ ಒಬ್ಬ ಹೋಗಿ ಕನ್ಫರ್ಮ್ ಮಾಡ್ಕೊಂಡ್ ಬಂದಿದಾನೆ. ಅವ್ರೇ. ಧೈರ್ಯವಾಗಿ ಹೋಗಿ" ಎಂದರು. ನಾನು ಫೋನಿನಲ್ಲೇ ಕೈ ಮುಗಿದೆ.

ಮರುದಿನ ರಜೆ ಹಾಕಿ, ಮೆಟ್ರೋ ಹಿಡಿದು ಹೋದೆ. ಬಹಳ ದಿನಗಳ ಮೇಲೆ ಎದೆ ಹಗುರವಾಗಿತ್ತು. ದೀಪಾಂಜಲಿ ನಗರ ದಾಟುವಾಗ ಬಾಗಿಲ ಬಳಿ ನಿಂತು, ಅವನನ್ನು ಕಂಡಾಗ ಮೊದಲು ಬೈಯಬೇಕೋ ಅಳಬೇಕೋ ಎಂದು ಯೋಚಿಸುತ್ತಿದ್ದೆ.

ಬೈಂಡಿಂಗ್ ಯೂನಿಟ್ಟಿನ ಗೇಟಿನ ಹೊರಗೆ, ಮೋರಿಯ ಕಟ್ಟೆಯ ಮೇಲೆ ಒಬ್ಬ ಮುದುಕ ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಒಂದು ರೆಕ್ಸಿನ್ ಬ್ಯಾಗು. ಅವನನ್ನು ದಾಟಿ ಗೇಟಿನೊಳಗೆ ಹೋಗಿಯೇಬಿಟ್ಟಿದ್ದೆ. ಒಳಗೆ ಮ್ಯಾನೇಜರು ಹೆಸರು ಕೇಳಿದೊಡನೆ ಮುಖ ಗಂಟಿಕ್ಕಿದರು.

"ನಿನ್ನೆ ಪೊಲೀಸ್ ಬಂದಿದ್ರು ಮೇಡಂ. ಇಂಥೋರು ಇಲ್ಲಿದಾರಾ ಅಂತ. ನಾವು ಸ್ಕೂಲುಗಳಿಗೆ ಸಪ್ಲೈ ಮಾಡೋರು. ನಾಳೆ ಯಾರಾದ್ರೂ ಕೇಳಿದ್ರೆ ಏನ್ ಹೇಳೋಣ? ಬೆಳಿಗ್ಗೆ ಕಳಿಸ್ಬಿಟ್ವಿ." ಬೆರಳು ತೋರಿಸಿದ್ದು ಗೇಟಿನ ಕಡೆಗೆ.

ಹೊರಗೆ ಬಂದೆ. ಕಟ್ಟೆಯ ಮೇಲಿನ ಮುದುಕ ನನ್ನ ಅಣ್ಣ.

ಅವನು ಎದ್ದು ನಿಂತ. "ನೀನಾ ಹುಡುಕ್ಸಿದ್ದು?" ಎಂದ.

"ಹೂಂ ಕಣೋ" ಎಂದೆ. ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. "ಸರಿ ಬಿಡು, ನಿಂಗೆ ಗೊತ್ತಿತ್ತಾ ಹಿಂಗಾಗುತ್ತೆ ಅಂತ" ಎಂದು ನನ್ನ ಕೈಯಿಂದ ಚೀಲ ಇಸಿದುಕೊಂಡ. ಹಿಂದೆ ಕಾಲೇಜಿನಿಂದ ಬಂದಾಗಲೂ ಬಸ್‌ಸ್ಟಾಪಿನಲ್ಲಿ ಹೀಗೇ ಇಸಿದುಕೊಳ್ಳುತ್ತಿದ್ದ.

ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆವು. ಯಾಕೆ ಮನೆಗೆ ಬರಲಿಲ್ಲ ಎಂದು ಕೇಳಿದೆ.

"ಬಿಟ್ಟ ದಿನಾನೇ ಬಂದಿದ್ದೆ. ನಿಮ್ಮನೆ ಮುಂದೆ ಕಾರುಗಳು ನಿಂತಿದ್ವು. ಹೂವಿನ ತಟ್ಟೆ ಹಿಡ್ಕೊಂಡು ಯಾರೋ ಇಳೀತಿದ್ರು. ಮಗು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ಲು. ಎಷ್ಟೆತ್ರ ಬೆಳೆದಿದಾಳೆ. ಆ ಹೊತ್ನಲ್ಲಿ ನಾನು ಹೆಂಗೆ ಒಳಗೆ ಬರ್ಲಿ ಹೇಳು."

ಎದುರು ಮನೆಯ ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದನಂತೆ. ಆಮೇಲೆ ನಡೆದುಕೊಂಡೇ ಹೋದನಂತೆ.

"ಈಗ ನಡಿ. ನಾನು ಬಿಡಲ್ಲ" ಎಂದೆ. ಅವನು ಬಂದ.

ಕೆಲವು ದಿನ ನಮ್ಮ ಮನೆಯಲ್ಲಿದ್ದ. ಆ ದಿನಗಳು ಸಂತೋಷದವು ಎಂದು ಬರೆಯಲು ನನಗೆ ಆಸೆ. ಅವನು ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದ. ಕಾಲಿಂಗ್ ಬೆಲ್ ಆದರೆ ಎದ್ದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಊಟಕ್ಕೆ ಕರೆದರೆ ಬಂದು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ, ಕೂತ್ಕೋ ಎಂದಮೇಲೆ ಕೂರುತ್ತಿದ್ದ. ಒಂದು ಸಂಜೆ ಮಗಳನ್ನು ಕೇಳಿದ, "ಆ ಫೋನಲ್ಲಿ ಬರುತ್ತಲ್ಲಮ್ಮ ನಂದು, ಅದನ್ನ ಅಳಿಸೋಕಾಗುತ್ತಾ?" ಮಗಳು ನನ್ನ ಮುಖ ನೋಡಿದಳು. ವಕೀಲರನ್ನು ನಾನು ಮೊದಲೇ ಕೇಳಿದ್ದೆ. ನಿರಪರಾಧಿ ಎಂದು ಬಿಡುಗಡೆಯಾದವರಿಗೇ ಅದು ಕಷ್ಟ, ಶಿಕ್ಷೆಯಾದವರದ್ದು ಸಾರ್ವಜನಿಕ ದಾಖಲೆ, ಇದ್ದೇ ಇರುತ್ತದೆ ಎಂದಿದ್ದರು. ಮಗಳು ಮೆಲ್ಲಗೆ, "ನೋಡ್ತೀನಿ ಮಾಮ" ಎಂದಳು. ಅವನಿಗೆ ಅರ್ಥವಾಯಿತು. ಮತ್ತೆ ಕೇಳಲಿಲ್ಲ.

ಹುಡುಗನ ಮನೆಯವರು ಸೀರೆಯ ಬಣ್ಣ ಮಾತಾಡಲು ಬರುತ್ತೇವೆಂದು ತಿಳಿಸಿದರು. ನಾವು ಯಾರೂ ಅವನಿಗೆ ಏನೂ ಹೇಳಲಿಲ್ಲ. ಅವರು ಬರುವ ದಿನ ನಾನು ಲ್ಯಾಬಿನಿಂದ ಅರ್ಧ ದಿನಕ್ಕೆ ವಾಪಸ್ ಬರುವಷ್ಟರಲ್ಲಿ ಹಿಂದಿನ ಕೋಣೆ ಖಾಲಿಯಾಗಿತ್ತು. ಹಾಸಿಗೆ ಸುತ್ತಿಟ್ಟಿದ್ದ, ನೆಲ ಒರೆಸಿದ್ದ. ನೀರಿನ್ನೂ ಆರಿರಲಿಲ್ಲ.

ಬೀದಿಯ ತುದಿಯವರೆಗೆ ಓಡಿದೆ. ಅಲ್ಲಿಂದ ಆಚೆ ಓಡಲಿಲ್ಲ, ಬರುವವರಿಗೆ ತಿಂಡಿ ಆಗಬೇಕಿತ್ತು.

ಒಂದು ದಿನ ಬಿಟ್ಟು ಯಾರದೋ ನಂಬರಿನಿಂದ ಫೋನ್ ಮಾಡಿದ. "ಚೆನ್ನಾಗಿದೀನಿ. ಈ ಸಲ ಹುಡುಕ್ಬೇಡ ಕಣೇ. ನೀನು ಹುಡುಕಿದ್ರೆ ನಾನು ಮತ್ತೆ ಜಾಗ ಬಿಡ್ಬೇಕಾಗುತ್ತೆ" ಎಂದ. ವಾಪಸ್ ಮಾಡಿದಾಗ ಯಾರೋ ಅಪರಿಚಿತರು ಎತ್ತಿ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಫೋನ್ ಕೇಳಿ ಇಸಿದುಕೊಂಡಿದ್ದರು ಎಂದರು. ಯಾವ ಬಸ್‌ಸ್ಟ್ಯಾಂಡ್ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೋಗುತ್ತಿದ್ದೆ.

ಮಗಳ ಮದುವೆ ನಾಗರಭಾವಿಯ ಒಂದು ಛತ್ರದಲ್ಲಿ ಆಯಿತು. ಮುಹೂರ್ತಕ್ಕೆ ಮುಂಚೆ ಪುರೋಹಿತರು ಹುಡುಗಿಯ ಸೋದರಮಾವ ಬನ್ನಿ ಎಂದು ಕೂಗಿದರು. ಮೊದಲೇ ಮಾತಾಡಿಕೊಂಡಿದ್ದಂತೆ ನನ್ನ ಚಿಕ್ಕಮ್ಮನ ಮಗ ಎದ್ದು ಹೋಗಿ ಅವಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ಮಗಳು ತಲೆ ತಗ್ಗಿಸಿಕೊಂಡು ಬಂದಳು. ನೋಡಿದವರು ನಾಚಿಕೆ ಎಂದುಕೊಂಡರು.

ಬೀಗಿತ್ತಿ ನನ್ನ ಪಕ್ಕದಲ್ಲೇ ಇದ್ದರು. ಒಳ್ಳೆಯ ಹೆಂಗಸು, ಮಾತು ಬೆಳೆಸಲೆಂದು ಕೇಳಿದರು. "ನಿಮಗೆ ಸ್ವಂತ ಅಣ್ಣತಮ್ಮಂದಿರು ಯಾರೂ ಇಲ್ವಾ?"

"ಇಲ್ಲ, ನಾನೊಬ್ಬಳೇ" ಎಂದೆ.

ಅವರು ಪಾಪ ಎಂದು ನನ್ನ ಕೈ ಒತ್ತಿದರು. ಅಷ್ಟರಲ್ಲಿ ವಾದ್ಯದವರು ಜೋರು ಮಾಡಿದರು, ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತರು, ನಾನೂ ಎದ್ದೆ.